ಹೈಬ್ರಿಡ್ ಕಾರಿಗೆ ದೊಡ್ಡ ಬ್ಯಾಟರಿ: ಹಣ ಕೊಡುವ ಮುನ್ನ ಹಾಕಬೇಕಾದ ಲೆಕ್ಕ



ಸಂಜೆ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಾಡಿಗೆ ಕಾರು ಓಡಿಸುವವರಿದ್ದಾರೆ. ಒರಗಡಂ, ಶ್ರೀಪೆರುಂಬುದೂರುಗಳ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ನಮ್ಮಂತೆ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತರೂ ಇದ್ದಾರೆ. ಇವರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ‘ಹಳೆಯ ಹೈಬ್ರಿಡ್ ಕಾರು ಕಡಿಮೆ ಬೆಲೆಗೆ ಸಿಕ್ಕುತ್ತದೆ. ಅದಕ್ಕೆ ದೊಡ್ಡ ಲಿಥಿಯಂ ಬ್ಯಾಟರಿ ಹಾಕಿಸಿಬಿಟ್ಟರೆ ಪೆಟ್ರೋಲಿನ ಖರ್ಚು ಅರ್ಧಕ್ಕೆ ಇಳಿಯುತ್ತದಂತೆ, ಹೌದೇ?’ ಎಂಬುದೇ ಆ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಊರಿಗೆ ಕಳುಹಿಸುವ ಹಣದಲ್ಲಿ ಉಳಿಸಿ, ಚೀಟಿ ಎತ್ತಿ, ಮೇಲೆ ಸಾಲವನ್ನೂ ಮಾಡಿ ಎರಡು ಮೂರು ಲಕ್ಷ ಹಾಕುವ ಮಾತು ಇದು. ತಪ್ಪಿದರೆ ಮಕ್ಕಳ ಶಾಲೆಯ ಹಣಕ್ಕೆ ಕತ್ತರಿ ಬೀಳುತ್ತದೆ. ಆದುದರಿಂದ ಈ ಸಲದ ಪಾಠಕ್ಕೆ ಇದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ. ನಾವು ಇಂಜಿನಿಯರಲ್ಲ, ಗಿರಣಿಯ ಗುಮಾಸ್ತರು. ಕೂಡಿಸಿ ಕಳೆಯುವುದು ಗೊತ್ತಿದ್ದವರಿಗೆ ಈ ವಿಷಯದ ಮುಕ್ಕಾಲು ಪಾಲು ತಿಳಿಯುತ್ತದೆ.

೧. ಅಳತೆ: ಕರೆಂಟ್ ಬಿಲ್ಲಿನ ಯೂನಿಟ್ಟೇ ಸಾಕು

ಬ್ಯಾಟರಿಯ ಮೇಲೆ ವೋಲ್ಟ್, ಆಂಪೇರ್-ಅವರ್ ಎಂದು ಎರಡು ಅಂಕಿಗಳು ಇರುತ್ತವೆ. ಇವೆರಡನ್ನೂ ಗುಣಿಸಿ ೧೦೦೦ದಿಂದ ಭಾಗಿಸಿದರೆ ಬರುವುದೇ ಯೂನಿಟ್. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಬೇರೆ ಅಲ್ಲ, ಇದು ಬೇರೆ ಅಲ್ಲ. ೧೦೦೦ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್.

ಟೊಯೋಟ ಕಂಪನಿಯ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ನಮ್ಮ ದೇಶದಲ್ಲಿ ೨೦೧೦ರಿಂದ ಕೆಲವು ವರ್ಷ ಮಾರಾಟವಾಯಿತು. ಅದರ ಬ್ಯಾಟರಿ ೨೦೧.೬ ವೋಲ್ಟ್, ೬.೫ ಆಂಪೇರ್-ಅವರ್. ಗುಣಿಸಿ ಭಾಗಿಸಿದರೆ ಸುಮಾರು ೧.೩ ಯೂನಿಟ್. ಇಷ್ಟು ದೊಡ್ಡ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದು ಒಂದೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ! ಅದರಲ್ಲಿಯೂ ಪೂರ್ತಿ ಬಳಸುವುದಿಲ್ಲ. ಬ್ಯಾಟರಿ ಬಹುಕಾಲ ಬಾಳಲೆಂದು ಕಾರಿನ ಕಂಪ್ಯೂಟರು ಅದನ್ನು ಶೇಕಡ ೪೦ಕ್ಕೆ ಕೆಳಗೆ ಇಳಿಯಗೊಡದೆ, ೮೦ಕ್ಕೆ ಮೇಲೆ ಏರಗೊಡದೆ ನಡುವೆಯೇ ಆಡಿಸುತ್ತದೆ. ಕೈಗೆ ಸಿಕ್ಕುವುದು ಅರ್ಧ ಯೂನಿಟ್.

ಇಂಥ ಕಾರು ಬರಿಯ ವಿದ್ಯುತ್ತಿನಿಂದ ಓಡಿದರೆ ಒಂದು ಯೂನಿಟ್ಟಿಗೆ ಸುಮಾರು ೬ ಕಿಲೋಮೀಟರು ಹೋಗುತ್ತದೆ ಎಂದು ಹಿಡಿಯಬಹುದು. ಅರ್ಧ ಯೂನಿಟ್ಟಿಗೆ ೩ ಕಿಲೋಮೀಟರು. ಹೀಗಿರಲು ‘ಇಷ್ಟು ಸಣ್ಣ ಬ್ಯಾಟರಿಯನ್ನು ಏಕೆ ಇಟ್ಟರು? ದೊಡ್ಡದು ಇಟ್ಟಿದ್ದರೆ ಚೆನ್ನಾಗಿರುತ್ತಿತ್ತಲ್ಲ?’ ಎಂದು ಯಾರಿಗಾದರೂ ತೋರುವುದು ಸಹಜ. ಉತ್ತರ ಹೈಬ್ರಿಡ್ಡಿನ ಕೆಲಸದಲ್ಲಿಯೇ ಇದೆ.

೨. ಹೈಬ್ರಿಡ್ ಬ್ಯಾಟರಿ ಎಂದರೆ ಕೈಖರ್ಚಿನ ಪೆಟ್ಟಿಗೆ

ಪ್ರತಿ ಕಚೇರಿಯಲ್ಲಿಯೂ ಕೈಖರ್ಚಿನ ಪೆಟ್ಟಿಗೆ ಒಂದು ಇರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಚಿಲ್ಲರೆ ಹೋಗುತ್ತದೆ, ಬರುತ್ತದೆ. ಆ ಪೆಟ್ಟಿಗೆ ಕಚೇರಿಯ ಆದಾಯವಲ್ಲ. ಹಣ ಪೋಲಾಗದಂತೆ ಕೈಯಳತೆಯಲ್ಲಿ ಇಟ್ಟುಕೊಳ್ಳುವ ಸಾಧನ.

ಹೈಬ್ರಿಡ್ ಕಾರಿನ ಬ್ಯಾಟರಿ ಅಂಥದು. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಓಟದ ಶಕ್ತಿ ಬಿಸಿಯಾಗಿ ಗಾಳಿಪಾಲಾಗುತ್ತದೆ. ಹೈಬ್ರಿಡ್ಡಿನಲ್ಲಿ ಮೋಟಾರು ತಿರುಗಿ ಜನರೇಟರಾಗಿ, ಆ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹಸಿರು ದೀಪ ಬಿದ್ದು ಕಾರು ಹೊರಡುವಾಗ ಅದೇ ಶಕ್ತಿ ಮೋಟಾರಿಗೆ ಹೋಗುತ್ತದೆ. ಅಣ್ಣಾ ಸಾಲೆಯಂಥ ರಸ್ತೆಯಲ್ಲಿ, ನಿಂತು ಹೊರಟು ನಿಂತು ಹೊರಡುವ ಕಡೆ, ಇದರಿಂದ ಪೆಟ್ರೋಲ್ ಚೆನ್ನಾಗಿ ಉಳಿಯುತ್ತದೆ. ಒಂದು ಸಲ ಬ್ರೇಕ್ ಒತ್ತಿದರೆ ಬರುವ ಶಕ್ತಿ ಯೂನಿಟ್ಟಿನಲ್ಲಿ ಬಹು ಸಣ್ಣ ಪಾಲು. ಅದನ್ನು ಇಟ್ಟುಕೊಳ್ಳಲು ಸಣ್ಣ ಪೆಟ್ಟಿಗೆ ಸಾಕು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವ ಏರ್ಪಾಡು ಇಲ್ಲದ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿಗೆ ಬರುವ ಪ್ರತಿಯೊಂದು ಕಾಸೂ ಮೊದಲು ಪೆಟ್ರೋಲಿನಿಂದಲೇ ಬಂದದ್ದು. ಬ್ರೇಕಿನಿಂದ ಬಂದ ಶಕ್ತಿಯೂ ಎಂಜಿನ್ ಮೊದಲು ಓಡಿಸಿದ ಓಟದಿಂದಲೇ ಬಂದದ್ದು. ಪೆಟ್ಟಿಗೆಯನ್ನು ಹತ್ತರಷ್ಟು ದೊಡ್ಡದು ಮಾಡಿದರೆ ಕಚೇರಿಯ ಆದಾಯ ಹತ್ತರಷ್ಟಾಗುವುದೇ? ಬಿಂದಿಗೆ ದೊಡ್ಡದಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಚೆನ್ನೈಯಲ್ಲಿ ಬೇಸಗೆ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರು ತಯಾರಿಸುವವರೂ ಈ ಲೆಕ್ಕವನ್ನೇ ಹಿಡಿದಿದ್ದಾರೆ. ಬೆಂಗಳೂರಿನ ಬಳಿಯ ಬಿಡದಿಯ ಕಾರ್ಖಾನೆಯಿಂದ ೨೦೨೨ರಲ್ಲಿ ಹೊರಬಂದ ಟೊಯೋಟ ಹೈರೈಡರ್ ಎಂಬ ಹೈಬ್ರಿಡ್ಡಿನಲ್ಲಿ ಲಿಥಿಯಂ ಬ್ಯಾಟರಿಯೇ ಇದೆ. ಅದರ ಅಳತೆ ೦.೭೬ ಯೂನಿಟ್, ಎಂದರೆ ಹಳೆಯ ಪ್ರಿಯಸ್ಸಿನದಕ್ಕಿಂತ ಸಣ್ಣದು! ಲಿಥಿಯಂ ಬಂದ ಮೇಲೆ ಅವರು ಬ್ಯಾಟರಿಯನ್ನು ದೊಡ್ಡದು ಮಾಡಲಿಲ್ಲ, ಚಿಕ್ಕದು ಮಾಡಿ ತೂಕ ಉಳಿಸಿದರು. ಅದೇ ಬಿಡದಿಯಿಂದ ೨೦೨೨ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡಿಗೆ ಈಗಲೂ ನಿಕ್ಕಲ್ ಜಾತಿಯ ಬ್ಯಾಟರಿಯನ್ನೇ ಇಟ್ಟಿದ್ದಾರೆ.

೩. ಹೈಬ್ರಿಡ್ಡಿನಲ್ಲಿ ಮೂರು ಜಾತಿ

‘ಹೈಬ್ರಿಡ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಕಾರುಗಳು ಓಡುತ್ತಿವೆ. ನಿಮ್ಮದು ಯಾವುದೆಂದು ಮೊದಲು ತಿಳಿಯತಕ್ಕದ್ದು.

(ಅ) ಅಲ್ಪ ಹೈಬ್ರಿಡ್: ಮಾರುತಿ ಸಿಯಾಜ್, ಎರ್ಟಿಗಾ ಮುಂತಾದವು ಈ ಜಾತಿ. ಎರ್ಟಿಗಾ ಬಾಡಿಗೆ ಕಾರುಗಳು ನಮ್ಮ ಊರಿನಲ್ಲಿ ಬಹಳ. ಇವುಗಳ ಮೋಟಾರು ಬೆಲ್ಟಿನ ಮೂಲಕ ಎಂಜಿನ್ನಿಗೆ ತುಸು ಕೈಕೊಡುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯಲಾರದು. ೨೦೧೮ರಿಂದ ಇವುಗಳಲ್ಲಿ ಸೀಸದ ಬ್ಯಾಟರಿಯ ಜೊತೆಗೆ ೧೨ ವೋಲ್ಟಿನ ಸಣ್ಣ ಲಿಥಿಯಂ ಬ್ಯಾಟರಿಯನ್ನೂ ಇಡುತ್ತ ಬಂದರು. ಈ ಜಾತಿಗೆ ದೊಡ್ಡ ಬ್ಯಾಟರಿ ಹಾಕಿಸಿದರೆ ತೂಕ ಮಾತ್ರ ಹೆಚ್ಚುತ್ತದೆ.

(ಆ) ಪೂರ್ಣ ಹೈಬ್ರಿಡ್: ಪ್ರಿಯಸ್, ಹೈರೈಡರ್, ಹೈಕ್ರಾಸ್ ಇದಕ್ಕೆ ಉದಾಹರಣೆ. ಇವು ಸ್ವಲ್ಪ ದೂರ ಎಂಜಿನ್ ನಿಲ್ಲಿಸಿ ಓಡಬಲ್ಲವು. ಆದರೆ ಪ್ಲಗ್ ಇಲ್ಲ.

(ಇ) ಪ್ಲಗ್ ಹೈಬ್ರಿಡ್: ರಾತ್ರಿ ಗೋಡೆಯಿಂದ ಚಾರ್ಜ್ ಮಾಡುವಂಥದು. ಇದರಲ್ಲಿ ಬ್ಯಾಟರಿ ದೊಡ್ಡದಿರುವುದಕ್ಕೆ ಅರ್ಥ ಉಂಟು. ಕೈಖರ್ಚಿನ ಪೆಟ್ಟಿಗೆಯ ಪಕ್ಕದಲ್ಲಿ ಉಳಿತಾಯದ ಖಾತೆಯೊಂದನ್ನು ತೆರೆದಂತೆ.

ಆದುದರಿಂದ ‘ದೊಡ್ಡ ಬ್ಯಾಟರಿ ಹಾಕಿಸುವುದು’ ಎಂದರೆ ನಿಜವಾಗಿ ಎರಡನೆಯ ಜಾತಿಯ ಕಾರನ್ನು ಮೂರನೆಯ ಜಾತಿಗೆ ಸೇರಿಸುವುದು ಎಂದರ್ಥ. ಬ್ಯಾಟರಿ, ಚಾರ್ಜರ್, ಹೊಸ ಬ್ಯಾಟರಿಯ ಗುರುತು ಹಿಡಿಯುವ ಕಂಪ್ಯೂಟರು ಈ ಮೂರೂ ಇದ್ದರೆ ಮಾತ್ರ ಕೆಲಸ ನಡೆಯುತ್ತದೆ.

೪. ಮೊದಲು ಮಾಡಿದವರು ಏನು ಮಾಡಿದರು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಕ್ಯಾಲ್‌ಕಾರ್ಸ್’ ಎಂಬ ಸಂಘದವರು ೨೦೦೪ರಲ್ಲಿ ಒಂದು ಪ್ರಿಯಸ್ಸಿಗೆ ಹೆಚ್ಚಿನ ಬ್ಯಾಟರಿಗಳನ್ನು ಕೂಡಿಸಿ ಪ್ಲಗ್ಗಿನಿಂದ ಚಾರ್ಜ್ ಆಗುವಂತೆ ಮಾಡಿ ತೋರಿಸಿದರು. ರಾನ್ ಗ್ರೆಂಬನ್ ಎಂಬ ಇಂಜಿನಿಯರು ಕೈಹಾಕಿದ ಕೆಲಸ ಅದು. ಆಗ ಬಳಸಿದ್ದು ಸ್ಕೂಟರಿನಲ್ಲಿ ಇರುವಂಥ ಸೀಸದ ಬ್ಯಾಟರಿ. ಲಿಥಿಯಂ ಅನಂತರ ಬಂತು. ೨೦೦೮ರ ಹೊತ್ತಿಗೆ ‘ಹೈಮೋಷನ್’ ಎಂಬ ಹೆಸರಿನಲ್ಲಿ ೫ ಯೂನಿಟ್ಟಿನ ಲಿಥಿಯಂ ಪೆಟ್ಟಿಗೆ ಮಾರಾಟಕ್ಕೆ ಬಂತು. ಹಿಂದಿನ ಚಕ್ರದ ಗುಂಡಿಯಲ್ಲಿ, ಎಂದರೆ ಸ್ಟೆಪ್ನಿ ಇಡುವ ಜಾಗದಲ್ಲಿ, ಅದನ್ನು ಕೂರಿಸುತ್ತಿದ್ದರು. ತೂಕ ೮೦ ಕಿಲೋಗೂ ಮಿಕ್ಕದ್ದು. ಬೆಲೆ ಸುಮಾರು ೧೦,೦೦೦ ಡಾಲರು.

ಗಮನಿಸಬೇಕಾದದ್ದು ಏನೆಂದರೆ, ಅವರು ಕಾರಿನ ಮೂಲ ಬ್ಯಾಟರಿಯನ್ನು ಕಿತ್ತುಹಾಕಲಿಲ್ಲ. ಅದರ ಜೊತೆಗೆ ಹೊಸದನ್ನು ಕೂಡಿಸಿ, ‘ಬ್ಯಾಟರಿ ತುಂಬಿದೆ’ ಎಂದು ಕಾರಿನ ಕಂಪ್ಯೂಟರಿಗೆ ತೋರುವಂತೆ ಮಾಡಿದರು. ಆಗ ಕಾರು ಧಾರಾಳವಾಗಿ ವಿದ್ಯುತ್ ಬಳಸುತ್ತಿತ್ತು. ಆದರೂ ಮಿತಿ ಇತ್ತು. ಎರಡನೆಯ ತಲೆಮಾರಿನ ಪ್ರಿಯಸ್ಸಿನಲ್ಲಿ ಗಂಟೆಗೆ ಸುಮಾರು ೬೭ ಕಿಲೋಮೀಟರು ದಾಟಿದರೆ ಎಂಜಿನ್ ತಿರುಗಲೇಬೇಕು. ಯಂತ್ರದ ಹಲ್ಲುಚಕ್ರಗಳ ಕಟ್ಟೇ ಹಾಗೆ. ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೂ ಎಂಜಿನ್ ಎದ್ದುಬಿಡುತ್ತದೆ. ಬ್ಯಾಟರಿ ದೊಡ್ಡದಾಯಿತು, ಮೋಟಾರು ಹಳೆಯದೇ ಉಳಿಯಿತು.

ನಮ್ಮ ದೇಶದಲ್ಲಿಯೂ ೨೦೧೦ರಲ್ಲಿ ಪುಣೆಯ ಕೆ.ಪಿ.ಐ.ಟಿ. ಸಂಸ್ಥೆಯವರು ಭಾರತ್ ಫೋರ್ಜ್ ಸಂಸ್ಥೆಯ ಜೊತೆ ಸೇರಿ ‘ರೆವೊಲೊ’ ಎಂಬ ಕಿಟ್ಟನ್ನು ಪ್ರಕಟಿಸಿದರು. ಓಡುತ್ತಿರುವ ಪೆಟ್ರೋಲ್ ಕಾರನ್ನು ಪ್ಲಗ್ ಹೈಬ್ರಿಡ್ ಮಾಡುವುದು ಅದರ ಉದ್ದೇಶ. ಅದು ಬೀದಿ ಬೀದಿಗೆ ಬರುವ ಸರಕಾಗಲಿಲ್ಲ.

೫. ಬೆಂಗಳೂರಿನ ರೇವಾ ಕಲಿಸಿದ ಪಾಠ

ಬ್ಯಾಟರಿ ಬದಲಿಸಿ ಲಾಭ ಕಂಡ ಕಾರು ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿತು. ಚೇತನ್ ಮೈನಿ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ೨೦೦೧ರಲ್ಲಿ ಮಾರುಕಟ್ಟೆಗೆ ಬಂತು. ಲಂಡನ್ ನಗರದಲ್ಲಿ ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ರೇವಾ ಹೈಬ್ರಿಡ್ ಅಲ್ಲ. ಪೂರ್ತಿ ವಿದ್ಯುತ್ ಕಾರು. ೬ ವೋಲ್ಟಿನ ೮ ಸೀಸದ ಬ್ಯಾಟರಿಗಳು, ಒಟ್ಟು ೪೮ ವೋಲ್ಟ್. ಅವುಗಳದೇ ತೂಕ ಕಾಲು ಟನ್ನಿಗೂ ಹೆಚ್ಚು. ಒಮ್ಮೆ ಚಾರ್ಜ್ ಮಾಡಿದರೆ ೮೦ ಕಿಲೋಮೀಟರು ಓಡುವುದೆಂದು ಹೇಳುತ್ತಿದ್ದರು. ೨೦೦೯ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂತು; ತೂಕ ಇಳಿಯಿತು, ಓಟ ೧೨೦ ಕಿಲೋಮೀಟರಿಗೆ ಏರಿತು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ೨೦೧೩ರಲ್ಲಿ ಅದೇ ಮನೆತನದ ಇ-ಟು-ಓ ಎಂಬ ಕಾರು ಲಿಥಿಯಂ ಬ್ಯಾಟರಿಯೊಂದಿಗೇ ಹೊರಟಿತು.

ರೇವಾದಲ್ಲಿ ಬದಲಾವಣೆ ಫಲ ಕೊಟ್ಟದ್ದೇಕೆ? ಅದಕ್ಕೆ ಮೊದಲಿನಿಂದಲೂ ಪ್ಲಗ್ ಇತ್ತು. ಬ್ಯಾಟರಿಯೇ ಅದರ ಏಕೈಕ ಆಹಾರ. ಪೆಟ್ಟಿಗೆ ಹಗುರವಾದಷ್ಟೂ, ಹೆಚ್ಚು ಹಿಡಿದಷ್ಟೂ ನೇರವಾದ ಲಾಭ. ಅದಲ್ಲದೆ ಬದಲಾವಣೆ ಮಾಡಿದವರು ಕಾರು ಕಟ್ಟಿದವರೇ. ಈ ಎರಡು ಕಾರಣಗಳಲ್ಲಿ ಒಂದೂ ಇಲ್ಲದ ಕಡೆ ರೇವಾದ ಹೆಸರು ಹೇಳಿ ಬ್ಯಾಟರಿ ಮಾರುವುದು ನ್ಯಾಯವಲ್ಲ.

೬. ನಿಕ್ಕಲ್ಲಿಗೂ ಲಿಥಿಯಮ್ಮಿಗೂ ಇರುವ ವ್ಯತ್ಯಾಸ

ಹಳೆಯ ಪ್ರಿಯಸ್ಸಿನ ಬ್ಯಾಟರಿಯಲ್ಲಿ ನಿಕ್ಕಲ್-ಮೆಟಲ್ ಹೈಡ್ರೈಡ್ ಎಂಬ ಜಾತಿಯ ೧೬೮ ಸೆಲ್ಲುಗಳಿವೆ. ಒಂದೊಂದು ೧.೨ ವೋಲ್ಟ್. ಆರಾರು ಸೆಲ್ಲು ಸೇರಿ ಒಂದು ತುಂಡು; ಅಂಥ ೨೮ ತುಂಡುಗಳು. ಲಿಥಿಯಂ ಸೆಲ್ಲಿನಲ್ಲಿ ವೋಲ್ಟ್ ಹೆಚ್ಚು. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಎಂಬ ಬಗೆಯಲ್ಲಿ ೩.೨ ವೋಲ್ಟ್. ೨೦೧.೬ನ್ನು ೩.೨ರಿಂದ ಭಾಗಿಸಿದರೆ ೬೩ ಸೆಲ್ಲು ಸಾಕು ಎಂದಾಗುತ್ತದೆ. ಕಾಗದದ ಮೇಲೆ ಲೆಕ್ಕ ಇಷ್ಟು ಸುಲಭವಾಗಿ ಕೂಡಿಬರುವುದರಿಂದಲೇ ಎಷ್ಟೋ ಜನ ಕೈಹಾಕುತ್ತಾರೆ.

ಆದರೆ ಸ್ವಭಾವ ಬೇರೆ. ನಿಕ್ಕಲ್ ಸೆಲ್ಲಿಗೆ ಸ್ವಲ್ಪ ಹೆಚ್ಚು ಚಾರ್ಜ್ ಆದರೆ ಅದು ಬಿಸಿಯಾಗಿ ತಾಳಿಕೊಳ್ಳುತ್ತದೆ. ಲಿಥಿಯಂ ತಾಳುವುದಿಲ್ಲ. ೬೩ ಸೆಲ್ಲುಗಳಲ್ಲಿ ಒಂದು ಮುಂದೆ ಓಡಿ ಮಿತಿಮೀರಿ ತುಂಬಿದರೂ ಅಪಾಯ. ಆದುದರಿಂದ ಪ್ರತಿ ಸೆಲ್ಲಿನ ವೋಲ್ಟನ್ನೂ ಅಲ್ಲಲ್ಲಿಯ ಬಿಸಿಯನ್ನೂ ಅಳೆಯುತ್ತ, ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ ಕಾವಲುಯಂತ್ರ ಬೇಕು. ಕೆಲಸದವರು ಇದನ್ನು ಬಿ.ಎಂ.ಎಸ್. ಎನ್ನುತ್ತಾರೆ. ಒಳ್ಳೆಯ ಬಿ.ಎಂ.ಎಸ್. ಇಲ್ಲದ ಲಿಥಿಯಂ ಬ್ಯಾಟರಿ ಕಾವಲಿಲ್ಲದ ಖಜಾನೆ.

ಈ ಕಬ್ಬಿಣ-ಫಾಸ್ಫೇಟ್ ಬಗೆ ಬಿಸಿಗೆ ಹೆಚ್ಚು ತಾಳುತ್ತದೆ. ಬೆಂಕಿಯೇ ಹತ್ತದು ಎಂದಲ್ಲ. ಇದರ ಮೂಲ ಪ್ರಬಂಧ ೧೯೯೭ರಲ್ಲಿ ಪ್ರಕಟವಾಯಿತು. ಅದರ ಲೇಖಕರ ಹೆಸರುಗಳು ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಾದ ಜಾನ್ ಗುಡ್‌ಇನಫ್ ಅವರಿಗೆ ವಿಟಿಂಗ್‌ಹ್ಯಾಮ್, ಯೋಶಿನೋ ಅವರೊಂದಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆಗ ಅವರಿಗೆ ೯೭ ವರ್ಷ. ಅವರ ಪರವಾಗಿ ನೊಬೆಲ್ ಉಪನ್ಯಾಸ ಓದಿದವರು ತಮಿಳುನಾಡಿನಲ್ಲಿ ಹುಟ್ಟಿ, ಇಲ್ಲಿಯ ಗಿಂಡಿಯ ಐ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದ ಅರುಮುಗಂ ಮಂತಿರಾಮ್ ಅವರು. ತಮಿಳುನಾಡಿನ ಕಾರೈಕುಡಿಯಲ್ಲಿ ೧೯೫೩ರಲ್ಲಿ ಉದ್ಘಾಟನೆಯಾದ ಕೇಂದ್ರ ವಿದ್ಯುದ್ರಾಸಾಯನಿಕ ಸಂಶೋಧನಾಲಯವೂ ಬ್ಯಾಟರಿಯ ಕೆಲಸವನ್ನು ನಡೆಸುತ್ತ ಬಂದಿದೆ. ಈ ವಿದ್ಯೆ ಎಲ್ಲೋ ದೂರದ್ದಲ್ಲ. ನಮ್ಮ ಮಕ್ಕಳು ಓದಿ ಹಿಡಿಯಬಹುದಾದದ್ದು.

೭. ಚೆನ್ನೈಯ ಲೆಕ್ಕ

ಈಗ ಪೆನ್ಸಿಲ್ ಹಿಡಿಯೋಣ. ಕೆಳಗಿನ ದರಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಹಿಡಿದವು. ನಿಮ್ಮ ದರ ಬೇರೆಯಾದರೆ ಅದನ್ನೇ ಹಾಕಿಕೊಳ್ಳಿರಿ.

ಪೆಟ್ರೋಲ್ ಲೀಟರಿಗೆ ೧೦೦ ರೂಪಾಯಿ. ಹೈಬ್ರಿಡ್ ಕಾರು ಲೀಟರಿಗೆ ೨೦ ಕಿಲೋಮೀಟರು. ಹಾಕಿಸಿದ ಬ್ಯಾಟರಿ ೫ ಯೂನಿಟ್; ಬಳಸಲು ಸಿಕ್ಕುವುದು ೪ ಯೂನಿಟ್. ಯೂನಿಟ್ಟಿಗೆ ೬ರಂತೆ ೨೪ ಕಿಲೋಮೀಟರು. ಕರೆಂಟ್ ಯೂನಿಟ್ಟಿಗೆ ೮ ರೂಪಾಯಿ. (ಮನೆಯೊಡೆಯರು ಬಾಡಿಗೆದಾರರಿಂದ ಯೂನಿಟ್ಟಿಗೆ ಇಷ್ಟೆಂದು ತಾವೇ ಹಿಡಿಯುವ ಕಡೆ ಆ ದರವನ್ನೇ ಹಾಕಬೇಕು.) ೪ ಯೂನಿಟ್ ಒಳಗೆ ಸೇರಬೇಕಾದರೆ ಗೋಡೆಯಿಂದ ೪.೫ ಯೂನಿಟ್ ಎಳೆಯಬೇಕು. ಉಳಿದದ್ದು ಚಾರ್ಜರಿನಲ್ಲಿ ಬಿಸಿಯಾಗಿ ಹೋಗುತ್ತದೆ.

೨೪ ಕಿಲೋಮೀಟರಿಗೆ ಬೇಕಾಗುತ್ತಿದ್ದ ಪೆಟ್ರೋಲ್ ೧.೨ ಲೀಟರು: ೧೨೦ ರೂಪಾಯಿ.
ಅದಕ್ಕೆ ಬದಲಾಗಿ ಕರೆಂಟ್ ೪.೫ ಯೂನಿಟ್: ೩೬ ರೂಪಾಯಿ.
ದಿನದ ಉಳಿತಾಯ: ೮೪ ರೂಪಾಯಿ.
ವರ್ಷಕ್ಕೆ ೩೦೦ ದಿನ ಓಡಿಸಿದರೆ: ೨೫,೨೦೦ ರೂಪಾಯಿ.

ಬ್ಯಾಟರಿ, ಚಾರ್ಜರ್, ಕೂಲಿ ಎಲ್ಲ ಸೇರಿ ೩ ಲಕ್ಷ ಕೇಳಿದರು ಎನ್ನೋಣ. ೩ ಲಕ್ಷವನ್ನು ೨೫,೨೦೦ರಿಂದ ಭಾಗಿಸಿದರೆ ಹೆಚ್ಚು ಕಡಿಮೆ ೧೨ ವರ್ಷ. ಅಷ್ಟರೊಳಗೆ ಹಳೆಯ ಕಾರೇ ಹಣ್ಣಾಗಿರುತ್ತದೆ. ಸಾಲ ಮಾಡಿದವರ ಗತಿ ಇನ್ನೂ ಕಷ್ಟ. ಶೇಕಡ ೧೨ರ ಬಡ್ಡಿಯಲ್ಲಿ ೩ ಲಕ್ಷಕ್ಕೆ ಮೊದಲ ವರ್ಷದ ಬಡ್ಡಿಯೇ ೩೬,೦೦೦. ಉಳಿತಾಯ ೨೫,೨೦೦. ಉಳಿಸಿದ್ದು ಬಡ್ಡಿಗೂ ಸಾಲದು. ಅಸಲಿನ ಮಾತು ಹಾಗಿರಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಇದರಿಂದ ಕಳೆಯಬೇಕಾದವು ಇನ್ನೂ ಎರಡಿವೆ. ಮೊದಲನೆಯದು ಏರ್ ಕಂಡೀಷನ್. ನಮ್ಮ ಊರಿನ ಮೇ ತಿಂಗಳಲ್ಲಿ ಅದು ಗಂಟೆಗೆ ಒಂದು ಯೂನಿಟ್ ತಿಂದರೆ ಆಶ್ಚರ್ಯವಿಲ್ಲ. ಗಿಜಿಗಿಜಿ ರಸ್ತೆಯಲ್ಲಿ ಒಂದು ಗಂಟೆ ಕಳೆದರೆ ೨೪ ಕಿಲೋಮೀಟರು ೧೮ಕ್ಕೆ ಇಳಿಯಿತು. ಎರಡನೆಯದು ದೂರ. ಬಾಡಿಗೆ ಕಾರು ದಿನಕ್ಕೆ ೨೦೦ ಕಿಲೋಮೀಟರು ಓಡಿದರೂ ಬ್ಯಾಟರಿಯ ಉಪಕಾರ ಮೊದಲ ೨೪ಕ್ಕೆ ಮಾತ್ರ. ಉಳಿದ ೧೭೬ ಕಿಲೋಮೀಟರು ಆ ೮೦ ಕಿಲೋ ಹೊರೆಯನ್ನು ಕಾಸು ಕೊಡದ ಒಬ್ಬ ಪ್ರಯಾಣಿಕನಂತೆ ಹೊತ್ತುಕೊಂಡು ಓಡಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಚಾರ್ಜ್ ಮಾಡುವುದು ಎಲ್ಲಿ? ನಮ್ಮಲ್ಲಿ ಹೆಚ್ಚಿನವರು ಗಲ್ಲಿಯ ಬಾಡಿಗೆ ಮನೆಗಳಲ್ಲಿ, ಮೂರು ನಾಲ್ಕು ಜನ ಸೇರಿ ಹಿಡಿದ ಕೋಣೆಗಳಲ್ಲಿ ಇದ್ದೇವೆ. ಕಾರು ರಾತ್ರಿ ನಿಲ್ಲುವುದು ಬೀದಿಯಲ್ಲಿ. ಮಾಳಿಗೆಯ ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡುವುದು, ಮಳೆಗಾಲದಲ್ಲಿ ಮೊಣಕಾಲು ನೀರು ನಿಲ್ಲುವ ನಮ್ಮ ಬೀದಿಗಳಲ್ಲಿ, ಪ್ರಾಣಕ್ಕೆ ಸಂಚಕಾರ. ಪ್ಲಗ್ ಇಲ್ಲದಿದ್ದರೆ ದಿನದ ಉಳಿತಾಯದ ಎದುರು ಬರೆಯಬೇಕಾದ ಅಂಕಿ ಸೊನ್ನೆ.

೮. ಅಪಾಯದ ಮಾತು

೨೦೦ ವೋಲ್ಟಿನ ನೇರ ವಿದ್ಯುತ್ ಕೈಗೆ ತಾಗಿದರೆ ಹಿಡಿದುಕೊಂಡು ಬಿಡುತ್ತದೆ. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ವೈರು ಕಂಡರೆ ಅದು ಈ ದೊಡ್ಡ ವೋಲ್ಟಿನದು ಎಂದು ತಿಳಿಯಿರಿ. ಕೆಲಸ ಬಲ್ಲವರು ಮೊದಲು ಬ್ಯಾಟರಿಯ ಸರ್ವಿಸ್ ಪ್ಲಗ್ ಎಳೆದು, ಒಳಗೆ ಉಳಿದ ವಿದ್ಯುತ್ ಇಳಿಯಲು ಹತ್ತು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿ, ವಿದ್ಯುತ್ತಿಗೆಂದೇ ಮಾಡಿದ ರಬ್ಬರು ಕೈಗವಸು ಹಾಕಿಯೇ ಮುಟ್ಟುತ್ತಾರೆ. ವರ್ಕ್‌ಶಾಪಿನಲ್ಲಿ ದುಡಿಯುವ ನಮ್ಮ ಹುಡುಗರು ‘ಕಾರು ನಿಂತಿದೆಯಲ್ಲ’ ಎಂದು ಬರಿಗೈ ಹಾಕಬಾರದು.

ಎರಡನೆಯದು ಬೆಂಕಿ. ೨೦೦೮ರಲ್ಲಿ ಅಮೆರಿಕದ ದಕ್ಷಿಣ ಕೆರೋಲಿನಾ ಪ್ರಾಂತದಲ್ಲಿ ಬ್ಯಾಟರಿ ಮಾರ್ಪಾಡು ಮಾಡಿಸಿದ್ದ ಒಂದು ಪ್ರಿಯಸ್ ರಸ್ತೆಯಲ್ಲಿಯೇ ಸುಟ್ಟುಹೋಯಿತು. ತನಿಖೆಯಲ್ಲಿ ಹೊರಬಿದ್ದ ಕಾರಣ ಸರಿಯಾಗಿ ಕೂರಿಸದ ಬೋಲ್ಟಿನ ಜೋಡಣೆ. ಒಂದು ಬೋಲ್ಟಿನಿಂದ ಬೆಂಕಿ ಹೇಗೆ? ಲೆಕ್ಕ ನೋಡಿ. ಜೋಡಣೆ ಸಡಿಲವಾಗಿ ಅಲ್ಲಿ ಓಮಿನ ನೂರನೆಯ ಒಂದು ಪಾಲು ತಡೆ ಹುಟ್ಟಿತು ಎನ್ನೋಣ. ೧೦೦ ಆಂಪೇರ್ ಹರಿದರೆ, ೧೦೦ ಗುಣಿಸು ೧೦೦ ಗುಣಿಸು ೦.೦೧, ಎಂದರೆ ೧೦೦ ವ್ಯಾಟ್ ಬಿಸಿ. ಹಳೆಯ ಕಾಲದ ೧೦೦ ವ್ಯಾಟಿನ ಬಲ್ಬೊಂದನ್ನು ಬ್ಯಾಟರಿ ಪೆಟ್ಟಿಗೆಯೊಳಗೆ ಹಚ್ಚಿ ಮುಚ್ಚಳ ಹಾಕಿದಂತೆ. ಸಮುದ್ರದ ಗಾಳಿಯಲ್ಲಿ ತಾಮ್ರದ ಪಟ್ಟಿಗಳು ಕಿಲುಬುಗಟ್ಟುವ ಚೆನ್ನೈಯಲ್ಲಿ ಈ ಮಾತನ್ನು ಎರಡು ಸಲ ಓದಬೇಕು.

೨೦೨೨ರ ಮಾರ್ಚಿಯಲ್ಲಿ ನಮಗೆ ಹತ್ತಿರದ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರಿಗೆ ಬೆಂಕಿ ಹತ್ತಿ, ಮನೆ ತುಂಬಿದ ಹೊಗೆಯಿಂದ ತಂದೆಯೂ ಮಗಳೂ ತೀರಿಕೊಂಡರು. ಅದೇ ವರ್ಷ ಬೇರೆ ಊರುಗಳಲ್ಲಿಯೂ ಇಂಥ ಬೆಂಕಿಗಳಾದ ಮೇಲೆ ಕೇಂದ್ರ ಸರ್ಕಾರ ವಾಹನ ಬ್ಯಾಟರಿಗಳ ಪರೀಕ್ಷೆಯನ್ನು ಬಿಗಿಮಾಡಿತು. ಒಂದು ಸೆಲ್ ಕೆಟ್ಟರೂ ಬೆಂಕಿ ಉಳಿದವಕ್ಕೆ ಹಬ್ಬದಂತೆ ಕಟ್ಟಿರಬೇಕೆಂಬುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಹೆಸರಿಲ್ಲದ ಸೆಲ್ಲುಗಳನ್ನು ಕೂಡಿಸಿ ಬೆಸುಗೆ ಹಾಕಿದ ಪೆಟ್ಟಿಗೆ ಈ ಪರೀಕ್ಷೆಯ ಬಾಗಿಲನ್ನೇ ಕಂಡಿರುವುದಿಲ್ಲ. ನಾವು ಮಲಗುವ ಕೋಣೆಗಳಿಗೆ ಬಾಗಿಲು ಒಂದೇ ಎಂಬುದನ್ನು ಮರೆಯಬಾರದು.

೯. ಕಾನೂನು ಏನು ಹೇಳುತ್ತದೆ?

೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿ‌ನ ಪ್ರಕಾರ, ಆರ್.ಸಿ. ಪುಸ್ತಕದಲ್ಲಿ ಬರೆದ ವಿವರಕ್ಕೆ ವಾಹನ ಹೊಂದದಂತೆ ಮಾರ್ಪಾಡು ಮಾಡುವಂತಿಲ್ಲ. ಹೈಬ್ರಿಡ್ ಸಾಧನವನ್ನಾಗಲಿ ವಿದ್ಯುತ್ ಕಿಟ್ಟನ್ನಾಗಲಿ ಕೂಡಿಸುವುದಕ್ಕೆ ಬೇರೆಯಾಗಿ ಎ.ಐ.ಎಸ್. ೧೨೩ ಎಂಬ ಪರೀಕ್ಷಾ ವಿಧಿ ಇದೆ. ಕಿಟ್ಟಿಗೆ ಒಪ್ಪಿಗೆ ಇರಬೇಕು, ಕೂರಿಸುವವರಿಗೆ ಅಧಿಕಾರ ಇರಬೇಕು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ದಾಖಲಾಗಬೇಕು. ಒರಗಡಂನಲ್ಲಿಯೇ ಜಿ.ಎ.ಆರ್.ಸಿ. ಎಂಬ ಸರ್ಕಾರಿ ವಾಹನ ಪರೀಕ್ಷಾ ಕೇಂದ್ರ ಉಂಟು. ಇದಾವುದೂ ಇಲ್ಲದೆ ಬ್ಯಾಟರಿ ಬದಲಿಸಿದರೆ ಅಪಘಾತವಾದಾಗ ವಿಮಾ ಕಂಪನಿ ‘ನಮಗೆ ಹೇಳದೆ ಮಾರ್ಪಾಡು ಮಾಡಿದಿರಿ’ ಎಂದು ಹಣ ತಡೆಯಬಹುದು. ತಯಾರಕರ ಗ್ಯಾರಂಟಿಯೂ ಹೋಗುತ್ತದೆ. ಹೈರೈಡರ್, ಹೈಕ್ರಾಸ್ ಕಾರುಗಳ ಹೈಬ್ರಿಡ್ ಬ್ಯಾಟರಿಗೆ ಟೊಯೋಟ ಕೊಟ್ಟಿರುವ ಗ್ಯಾರಂಟಿ ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರು. ಅದನ್ನು ಕೈಯಾರೆ ಕಳೆದುಕೊಳ್ಳುವುದು ಜಾಣತನವಲ್ಲ.

೧೦. ಹಾಗಾದರೆ ಮಾಡಬೇಕಾದದ್ದೇನು?

೧. ಬ್ಯಾಟರಿಯ ಗಾಳಿದಾರಿ ನೋಡಿರಿ. ಪ್ರಿಯಸ್ಸಿನಲ್ಲಿ ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಗಾಳಿ ಎಳೆದು ಬ್ಯಾಟರಿಯನ್ನು ತಣಿಸುತ್ತಾರೆ. ಅಲ್ಲಿ ಚೀಲ ಒತ್ತರಿಸಿದರೆ, ಧೂಳು ಕಟ್ಟಿದರೆ ಬ್ಯಾಟರಿ ಬೆಂದು ಬೇಗ ಸಾಯುತ್ತದೆ. ಅದನ್ನು ಚೊಕ್ಕಟ ಮಾಡಿಸುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ.

೨. ಕಾರನ್ನು ನೆರಳಿನಲ್ಲಿ ನಿಲ್ಲಿಸಿರಿ. ನಿಕ್ಕಲ್ಲಿಗೂ ಲಿಥಿಯಮ್ಮಿಗೂ ಬಿಸಿಲೇ ಶತ್ರು.

೩. ಬ್ಯಾಟರಿ ಸೋತಿದ್ದರೆ ಮೊದಲು ಪರೀಕ್ಷೆ ಮಾಡಿಸಿರಿ. ಕೆಲವೊಮ್ಮೆ ದೋಷ ತಾಮ್ರದ ಪಟ್ಟಿಯ ಕಿಲುಬಿನಲ್ಲಿ ಇರುತ್ತದೆ. ಕೆಲವೊಮ್ಮೆ ೨೮ರಲ್ಲಿ ಒಂದೇ ತುಂಡು ಕೆಟ್ಟಿರುತ್ತದೆ. ಹಳೆಯ ೨೭ರ ನಡುವೆ ಹೊಸದೊಂದನ್ನು ಸೇರಿಸಿದರೆ ಕೆಲವು ತಿಂಗಳ ನೆಮ್ಮದಿ ಸಿಕ್ಕಬಹುದು, ಬಹುಕಾಲ ನಡೆಯದು.

೪. ಬದಲಿಸಲೇಬೇಕಾದರೆ ಅಳತೆ, ವೋಲ್ಟ್ ಎರಡರಲ್ಲಿಯೂ ಮೂಲಕ್ಕೆ ಸಮನಾದ, ಗ್ಯಾರಂಟಿ ಇರುವ ಬ್ಯಾಟರಿಯನ್ನೇ ಹಾಕಿಸಿರಿ. ಹಳೆಯದನ್ನು ಗುಜರಿಗೆ ಎಸೆಯದೆ, ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ನೋಂದಾಯಿತರಿಗೆ ಒಪ್ಪಿಸಿರಿ.

೫. ‘ದೊಡ್ಡದೇ ಹಾಕಿಸಿ’ ಎನ್ನುವವರನ್ನು ಈ ಐದು ಪ್ರಶ್ನೆ ಕೇಳಿರಿ: ಎಷ್ಟು ಯೂನಿಟ್? ಅದರಲ್ಲಿ ಬಳಸಲು ಸಿಕ್ಕುವುದೆಷ್ಟು? ಪ್ಲಗ್ಗಿನಿಂದ ಚಾರ್ಜ್ ಆಗುತ್ತದೆಯೇ? ಒಪ್ಪಿಗೆಯ ಕಾಗದ ಎಲ್ಲಿ? ಆರ್.ಸಿ.ಗೆ ಬರೆಸಿಕೊಡುವವರು ಯಾರು? ಐದಕ್ಕೂ ಕಾಗದದ ಮೇಲೆ ಉತ್ತರ ಬಂದರೆ ಮುಂದಿನ ಮಾತು. ಬರದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿರಿ.

ಸ್ವಂತ ಮನೆ, ಸ್ವಂತ ಶೆಡ್ಡು, ಅದರಲ್ಲಿ ಪ್ಲಗ್ಗು, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ಓಡಾಟ, ಕೈಯಲ್ಲಿ ಸಾಲವಲ್ಲದ ಹಣ, ಒಪ್ಪಿಗೆ ಪಡೆದ ಕಿಟ್ಟು ಇಷ್ಟೂ ಇದ್ದವರಿಗೆ ಈ ಕೆಲಸ ಹೊಂದೀತು. ನಮ್ಮಂಥವರಿಗೆ ಚೀಟಿಯ ಹಣ ಚೀಟಿಯಲ್ಲಿಯೇ ಇರುವುದು ಲೇಸು.

ಅಭ್ಯಾಸ

೧. ಒಂದು ಬ್ಯಾಟರಿಯ ಮೇಲೆ ೪೮ ವೋಲ್ಟ್, ೨೦೦ ಆಂಪೇರ್-ಅವರ್ ಎಂದಿದೆ. ಎಷ್ಟು ಯೂನಿಟ್?
೨. ಮೇಲಿನ ಲೆಕ್ಕದಲ್ಲಿ ಬ್ಯಾಟರಿಯ ಬೆಲೆ ೧,೨೬,೦೦೦ ರೂಪಾಯಿ ಆದರೆ ಎಷ್ಟು ವರ್ಷಕ್ಕೆ ಹಣ ಹಿಂದಿರುಗುವುದು? (ಬಡ್ಡಿ ಬಿಟ್ಟು.)
೩. ಮನೆಯೊಡೆಯರು ಯೂನಿಟ್ಟಿಗೆ ೧೨ ರೂಪಾಯಿ ಹಿಡಿದರೆ ದಿನದ ಉಳಿತಾಯ ಎಷ್ಟು?

ಉತ್ತರಗಳು: (೧) ೯.೬ ಯೂನಿಟ್. (೨) ೫ ವರ್ಷ. (೩) ೬೬ ರೂಪಾಯಿ.

ತಮ್ಮ ಕಾರಿನ ಅಂಕಿಗಳನ್ನು ಹಾಕಿ ಲೆಕ್ಕ ಮಾಡಬೇಕೆನ್ನುವವರು ಆರ್.ಸಿ. ಪುಸ್ತಕವನ್ನೂ ಕಳೆದ ಕರೆಂಟ್ ಬಿಲ್ಲನ್ನೂ ತೆಗೆದುಕೊಂಡು ಸಂಜೆ ವಾಚನಾಲಯಕ್ಕೆ ಬರಬಹುದು. ಕಾಗದ, ಪೆನ್ಸಿಲ್ ನಮ್ಮಲ್ಲಿ ಇವೆ.